ಕಣ್ಣಳತೆ

ಫೆಬ್ರವರಿ. ಬಾಲ್ಟಿಕ್ ಕಡಲು ದಡದಲ್ಲಿ ಗರಣೆಗಟ್ಟಿ ಬಿದ್ದಿತ್ತು,
ಹೆಪ್ಪು ಹಾಕಿ ಮರೆತ ಹಾಲಿನ ಹಾಗೆ.
ಲಿಯೆಪಾಯ ಬಂದರಿನ ಬಲೆ ಕಾರ್ಖಾನೆಯಲ್ಲಿ
ನಾನು ಯೋಜನಾ ವಿಭಾಗದವನು, ಅಂದರೆ
ಬಾಗಿಲು ಮುಚ್ಚಲು ಒಳ್ಳೆಯ ದಿನ ಹುಡುಕುತ್ತಿದ್ದವನು.

ಕಾಡ್ ಮೀನಿಗೆ ನಿಷೇಧ. ದೋಣಿಗಳು ಗುಜರಿಗೆ.
ಕಾಗದದ ಮೇಲೆ ನಮಗಿದ್ದದ್ದು
ನಲವತ್ತೆರಡು ಮಗ್ಗ, ಎರಡು ಗೋದಾಮು, ಒಂದು ಸಾಲ,
ಗೇಟಿನ ಬಳಿ ತುಕ್ಕು ತಿಂದ ಲಂಗರು;
ಅದಕ್ಕೂ ವರ್ಷವರ್ಷ ಸವಕಳಿ ಕಳೆದಿದ್ದೆ.

ರೀಗಾದಿಂದ ಓಯಾರ್ಸ್ ಬಂದ, ಸಲಹೆಗಾರ, ಒದ್ದೆ ಬೂಟು.
ಬಿಳಿ ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದ:
ನಿಮಗೆ ಏನು ಬರುತ್ತದೆ?
ಏನಿದೆ ಅಂತಲ್ಲ. ಏನು ಬರುತ್ತದೆ.

ನಾನು ನಕ್ಕೆ: ಹಾಸಿಗೆ ನೋಡಿ ಕಾಲು ಚಾಚಬೇಕು ಸ್ವಾಮಿ,
ನಮ್ಮ ಹಾಸಿಗೆಗೆ ಬ್ಯಾಂಕು ಮುದ್ರೆ ಒತ್ತಿದೆ.
ಆತ ನಗಲಿಲ್ಲ: ಹಾಸಿಗೆ ಹೊಲಿಯುವವರು
ಇಲ್ಲಿ ಒಬ್ಬರೂ ಇಲ್ಲವೆ?

ಗುಣಮಟ್ಟ, ಎಂದರು ಒಬ್ಬರು. ಅಳಿಸಿದ.
ನಂಬಿಕೆ, ಎಂದರು ನಿರ್ದೇಶಕಿ ಜಿಂತ್ರಾ. ಅದನ್ನೂ ಅಳಿಸಿದ.
ಎಲ್ಲರ ಗೋಡೆಯ ಮೇಲೂ ಇರುತ್ತದೆ ಅದು, ಅಂದ.

ಮೂರನೆಯ ದಿನ ದುರಸ್ತಿ ಅಂಕಣದಿಂದ
ಸ್ಕೈದ್ರೀತೆಯನ್ನು ಕರೆಸಿದರು. ನಲವತ್ತೊಂದು ವರ್ಷದ ಕೆಲಸ.
ಬಂದವಳು ಕೂರಲಿಲ್ಲ. ಕೈಯಲ್ಲಿ ಬಲೆಸೂಜಿ.
"ಬಲೆ ಯಾರು ಮಾಡುತ್ತಾರೆ? ನಾವು ಮಾಡುವುದು ಕಣ್ಣು.
ಹಗ್ಗ ಸುಮ್ಮನೆ ಅದರ ಸುತ್ತ ಬರುತ್ತದೆ.
ಮರಿ ನುಸುಳಬೇಕು, ಬಲಿತದ್ದು ನಿಲ್ಲಬೇಕು,
ಎಳೆದಾಗ ಕಣ್ಣು ಮುಚ್ಚಬಾರದು, ನೆನೆದಾಗ ಗಂಟು ಜಾರಬಾರದು.
ಅಷ್ಟು ಬರುತ್ತದೆ ನಮಗೆ."
ಹೇಳಿ ಹೊರಟೇಹೋದಳು, ಊಟದ ಗಂಟೆ ಹೊಡೆದಿತ್ತು.

ಆ ರಾತ್ರಿ ನನ್ನ ಪಟ್ಟಿಯಲ್ಲಿ ಅವಳನ್ನು ಹುಡುಕಿದೆ.
ಖರ್ಚಿನ ಕಡೆ ಇದ್ದಳು,
ಡೀಸೆಲ್‌ನ ಕೆಳಗೆ.

ಆಮೇಲೆ ಕಣ್ಣುಗಳನ್ನು ಹೊತ್ತು ಊರೂರು ತಿರುಗಿದೆವು.
ಕಲ್ಲುರುಳುವ ನಾರ್ವೆಯ ರಸ್ತೆಗೆ:
ಪುಡಿ ಹೋಗಲಿ, ಬಂಡೆ ನಿಲ್ಲಲಿ.
ಪೋಲೆಂಡಿನ ಚೆರ್ರಿ ತೋಟಕ್ಕೆ:
ಜೇನು ಬರಲಿ, ಹಕ್ಕಿ ಹೊರಗಿರಲಿ.
ಹರ್ನಿಯಾಗೆ ಜಾಲರಿ ಮಾಡಿಕೊಡಿ ಎಂದಿತೊಂದು ಆಸ್ಪತ್ರೆ,
ದೊಡ್ಡ ದುಡ್ಡು. ಮೈಯೊಳಗಿನ ಕಣ್ಣು ನಮಗೆ ಬಾರದು.
ಬಾರದು ಎಂದು ಬಾಯಿಬಿಟ್ಟು ಹೇಳಲು
ನನಗೆ ಆರು ತಿಂಗಳು ಹಿಡಿಯಿತು.
ಅದೂ ಯೋಜನೆಯೇ, ಅಂದ ಓಯಾರ್ಸ್, ಬಿಲ್ಲು ಕಳಿಸುತ್ತ.

ಹದಿನೇಳು ಮಗ್ಗ ಮಾರಿದೆವು.
ಬಣ್ಣದ ಶೆಡ್ಡಿನ ಹನ್ನೊಂದು ಮಂದಿಗೆ ಹೋದ ಪತ್ರದಲ್ಲಿ
ಸಹಿ ನನ್ನದು. ಗುಂಟಿಸ್ ಈಗಲೂ
ಸಂತೆಯಲ್ಲಿ ಕಂಡರೆ ಮುಖ ತಿರುಗಿಸುತ್ತಾನೆ.
ಅವನಿಗೆ ಏನು ಬರುತ್ತಿತ್ತೆಂದು
ಯಾರೂ ಕೇಳಿರಲಿಲ್ಲ.

ಸ್ಕೈದ್ರೀತೆಯ ಕೈಗಳನ್ನು ಚಿತ್ರೀಕರಿಸಲು ಹೋದೆವು.
ದೀಪ ಹತ್ತಿದ್ದೇ ಬೆರಳು ತಡವರಿಸಿತು.
"ತೆಗೆಯಿರಿ ಇದನ್ನ, ಬರುವುದೂ ಮರೆತುಹೋಗುತ್ತದೆ."
ಕೊನೆಗೆ ಮಾದರಾ ಎಂಬ ಹುಡುಗಿಯನ್ನು
ಅವಳ ಪಕ್ಕ ಸ್ಟೂಲು ಹಾಕಿ ಕೂರಿಸಿದೆವು, ಒಂದೂವರೆ ವರ್ಷ.
ಪಾಠವೆಂಬುದಿಲ್ಲ. ಬೈಗುಳ, ರೈ ರೊಟ್ಟಿ, ರೇಡಿಯೋ.

ಗಂಟು ಎಷ್ಟಿದೆ, ಕೇಳಿತು ಬ್ಯಾಂಕು.
ಅರ್ಜಿಯಲ್ಲಿ ಎರಡು ಕಾಲಂ: ಮುಖ್ಯ ಸಾಮರ್ಥ್ಯ, ಅದಕ್ಕೆ ಪುರಾವೆ.
ಪುರಾವೆ ಹುಡುಕುತ್ತ ಕೆಳಗಿಳಿದೆ.

ನಿವೃತ್ತಿಗೆ ನಾಲ್ಕೇ ದಿನ. ಮುದುಕಿ ಕಿಟಕಿಯಾಚೆ ನೋಡುತ್ತ
ಹುಡುಗಿಯ ಬಲೆಯ ಕಣ್ಣೊಳಗೆ ಎರಡು ಬೆರಳಿಟ್ಟಳು.
ಹುಬ್ಬು ತುಸು ಮೇಲೇರಿತು.
ಅವಳು ಬಾಯಿ ತೆರೆಯುವ ಮೊದಲೇ ಹುಡುಗಿ
ಅದೇ ಗಂಟನ್ನು ಬಿಚ್ಚತೊಡಗಿದ್ದಳು.

ಮೇಲೆ ಬಂದು ಕಾಲಂ ತುಂಬಿದೆ:
ಖುದ್ದು ಪರಿಶೀಲಿಸಲಾಗಿದೆ.
ಮೊಹರು ಒತ್ತಿದೆ. ಬ್ಯಾಂಕು ಮತ್ತೇನೂ ಕೇಳಲಿಲ್ಲ.